ಅಜ್ಜನ ಟ್ರಕ್ಕಿಗೆ ಮೊದಲು ಬ್ರೇಕ್, ಆಮೇಲೆ ಇಂಜಿನ್

ಪ್ರಶ್ನೆ: ನನ್ನಜ್ಜ ಓಡಿಸುತ್ತಿದ್ದ 1951ರ ಷೆವರ್ಲೆ ಒಂದೂವರೆ ಟನ್ ಟ್ರಕ್ ಇಪ್ಪತ್ತೆರಡು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಇಂಜಿನ್ ಜಾಮ್ ಆಗಿದೆ, ಕೂದಲೆಳೆಯಷ್ಟೂ ತಿರುಗುವುದಿಲ್ಲ. ಬ್ರೇಕ್ ಪೆಡಲ್ ಒತ್ತಿದರೆ ತಳ ಮುಟ್ಟಿ ಅಲ್ಲೇ ಕೂರುತ್ತದೆ. ಕ್ಯಾಬಿನ್ನಿನ ನೆಲ ತೂತುಬಿದ್ದಿದೆ. ನಾನು ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವನು. ಬೈಕಿನ ಸಣ್ಣಪುಟ್ಟ ರಿಪೇರಿ ಬಿಟ್ಟರೆ ಅನುಭವವಿಲ್ಲ, ಶನಿವಾರ ಭಾನುವಾರ ಬಿಡುವಿರುತ್ತದೆ. ಒಬ್ಬ ಸ್ನೇಹಿತ 'ಕೊನೇ ಬೋಲ್ಟ್‌ವರೆಗೂ ಬಿಚ್ಚಿ ಚಾಸಿಯಿಂದ ಶುರು ಮಾಡು' ಎನ್ನುತ್ತಾನೆ. ಇನ್ನೊಬ್ಬ 'ಎಳೆಸಿ ಗೇರಿಗೆ ಹಾಕು, ಜಾಮ್ ತಾನೇ ಬಿಡುತ್ತದೆ' ಎನ್ನುತ್ತಾನೆ. ಮತ್ತೊಬ್ಬ 'ಡೀಸೆಲ್ ಇಂಜಿನ್ ಕೂರಿಸಿಬಿಡು' ಎಂದ. ಈಗಿನ ಆಯಿಲ್, ಈಗಿನ ಪೆಟ್ರೋಲ್ ಹಾಕಿದರೆ ಹಳೇ ಇಂಜಿನ್ ಕೆಡುತ್ತದೆ ಎಂದೂ ಕೇಳಿದ್ದೇನೆ. ಬಾಗಿಲ ಮೇಲೆ ಅಜ್ಜ ಬರೆಸಿದ್ದ ಹೆಸರು ಮಾಸಿದೆ, ಅದನ್ನು ಹೊಸದಾಗಿ ಬರೆಸುವ ಆಸೆಯೂ ಇದೆ. ಇದೆಲ್ಲ ಮನೆಯಲ್ಲೇ ಆಗುವ ಕೆಲಸವೇ? ಶುರು ಎಲ್ಲಿಂದ?

ಉತ್ತರ: ಮನೆಯಲ್ಲೇ ಆಗುವ ಕೆಲಸ. ಎಲ್ಲವೂ ಅಲ್ಲ, ಬಹುಪಾಲು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಎಲ್ಲಿಂದ ಶುರು ಮಾಡಲಿ ಎಂದು, ಒಳಗಿರುವ ಹೆದರಿಕೆ ಬೇರೆ: ಶುರು ಮಾಡಿ ಅರ್ಧಕ್ಕೆ ಬಿಟ್ಟುಬಿಟ್ಟರೆ? ಅಜ್ಜನ ಗಾಡಿಯನ್ನು ನಾನೇ ಹಾಳು ಮಾಡಿದಂತಾದರೆ? ಈ ಹೆದರಿಕೆ ಇರಬೇಕಾದದ್ದೇ. ಮೂವತ್ತು ವರ್ಷಕ್ಕೂ ಮೇಲೆ ಹಳೇ ಟ್ರಕ್ಕುಗಳ ಕೆಳಗೆ ಮಲಗಿ ಕೆಲಸ ಮಾಡಿದ ನನ್ನ ಲೆಕ್ಕದಲ್ಲಿ, ತುಕ್ಕಿಗೆ ಬಲಿಯಾದ ಗಾಡಿಗಳಿಗಿಂತ ಉತ್ಸಾಹದಲ್ಲಿ ಬಿಚ್ಚಿ ಹಾಕಿದ್ದರಿಂದ ಸತ್ತ ಗಾಡಿಗಳೇ ಹೆಚ್ಚು.

ಅದರಲ್ಲಿ ಮೊದಲನೆಯದು ನನ್ನದೇ. ಕಸುಬು ಕಲಿಯುತ್ತಿದ್ದ ಕಾಲದಲ್ಲಿ ಒಂದು ಹಳೇ ಟ್ರಕ್ ಸಿಕ್ಕಿತು. ಎರಡೇ ತಿಂಗಳಲ್ಲಿ ಚಾಸಿ ಬರಿದಾಗುವಂತೆ ಬಿಚ್ಚಿದೆ. ನಟ್ಟು ಬೋಲ್ಟುಗಳೆಲ್ಲ ಖಾಲಿ ಪೇಂಟ್ ಡಬ್ಬಿಗಳಿಗೆ ಹೋದವು. ಚೀಟಿ ಅಂಟಿಸಲಿಲ್ಲ, ಎಲ್ಲ ನೆನಪಿರುತ್ತದೆ ಎಂಬ ಧಿಮಾಕು. ಒಂದೂವರೆ ವರ್ಷ ಬಿಟ್ಟು ಜೋಡಿಸಲು ಕೂತಾಗ, ಒಂದೇ ದಪ್ಪದ ನಾಲ್ಕು ಬೋಲ್ಟ್ ಅಂಗೈಯಲ್ಲಿ ಹಿಡಿದುಕೊಂಡು, ಇವುಗಳಲ್ಲಿ ಸ್ಟೀರಿಂಗ್ ಬಾಕ್ಸಿನದು ಯಾವುದು, ಫೆಂಡರಿನದು ಯಾವುದು ಎಂದು ಅರ್ಧ ದಿನ ನೋಡುತ್ತಾ ಕೂತಿದ್ದೆ. ಆ ಗಾಡಿ ಕೊನೆಗೆ ಬಿಡಿಭಾಗಗಳಾಗಿಯೇ ಮಾರಿಹೋಯಿತು.

ಹಾಗಾಗಿ ಮೊದಲನೇ ಸ್ನೇಹಿತರ ಮಾತನ್ನು ಸದ್ಯಕ್ಕೆ ಬದಿಗಿಡಿ. ಪೂರ್ತಿ ಬಿಚ್ಚಿ ಜೋಡಿಸುವುದು ತಪ್ಪಲ್ಲ. ದೊಡ್ಡ ಜಾಗ, ಸಹಾಯಕ್ಕೆ ಕೈಗಳು ಮತ್ತು ಅದೇ ಮಾಡೆಲ್ ಒಂದು ಸಲವಾದರೂ ಜೋಡಿಸಿದ ಅನುಭವ ಇದ್ದವರು ಮಾಡಲಿ. ನೀವು ಒಂದು ಸಲಕ್ಕೆ ಒಂದು ಭಾಗ ಹಿಡಿಯಿರಿ, ಅದನ್ನು ಮುಗಿಸಿ ಮುಂದಿನದಕ್ಕೆ ಹೋಗಿ. ಯಾವ ಭಾನುವಾರ ಸಂಜೆಯಾದರೂ ಗಾಡಿ ತನ್ನ ಚಕ್ರಗಳ ಮೇಲೆ ನಿಂತಿರಬೇಕು, ನಾಲ್ಕು ಜನ ತಳ್ಳಿದರೆ ಉರುಳಬೇಕು. ಬಿಚ್ಚುವ ಮೊದಲು ಫೋಟೊ, ಬಿಚ್ಚಿದ ಮೇಲೆ ಫೋಟೊ, ಬೋಲ್ಟುಗಳನ್ನು ಚೀಟಿ ಹಾಕಿದ ಚೀಲದಲ್ಲಿ. ಬೋಲ್ಟನ್ನು ಬಂದ ತೂತಿಗೇ ಎರಡು ಸುತ್ತು ಕೂರಿಸಿಡಲಾದರೆ ಇನ್ನೂ ವಾಸಿ.

ಇಂಜಿನ್ ವಿಷಯ ನಿಮಗೆ ಅವಸರ ಎಂದು ಗೊತ್ತು. ಅದಕ್ಕೇ ಮೊದಲ ದಿನ ಒಂದು ಕೆಲಸ ಮಾಡಿ. ಪ್ಲಗ್ಗುಗಳ ಸುತ್ತ ಕೂತ ಕಸವನ್ನು ಚೆನ್ನಾಗಿ ಊದಿ, ಆರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಒಂದು ಸಣ್ಣ ಲೋಟದಷ್ಟು ಬಿಡಿ. ಗೇರ್‌ಬಾಕ್ಸಿಗೆ ಹಾಕುವ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಮತ್ತು ಅಸಿಟೋನ್ ಸಮಸಮ ಬೆರೆಸಿ ಬಳಸುವವರೂ ಇದ್ದಾರೆ, ಕೆಲಸ ಮಾಡುತ್ತದೆ. ಆದರೆ ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಶೆಡ್ಡಿನ ಬಾಗಿಲು ತೆರೆದಿರಲಿ. ಪ್ಲಗ್ ತೂತುಗಳನ್ನು ಬಟ್ಟೆಯಿಂದ ಮುಚ್ಚಿ, ಒಂದೆರಡು ವಾರ ಅದರ ಪಾಡಿಗೆ ಬಿಡಿ. ಎಣ್ಣೆ ಇಳಿದುಹೋದರೆ ಮತ್ತೆ ಹಾಕಿ. ಅದು ನೆನೆಯುತ್ತಿರಲಿ, ನೀವು ಬ್ರೇಕಿನ ಕಡೆ ಬನ್ನಿ.

ಬ್ರೇಕೇ ಏಕೆ ಮೊದಲು? ಇಂಜಿನ್ ಶುರುವಾದ ದಿನ ಯಾರಿಗೂ ತಾಳ್ಮೆ ಇರುವುದಿಲ್ಲ. ಅಷ್ಟು ವರ್ಷದ ಮೇಲೆ ಸದ್ದು ಕೇಳಿದಾಗ ಒಂದೇ ಒಂದು ಸುತ್ತು ಹಾಕಿ ಬರೋಣ ಎನ್ನಿಸುತ್ತದೆ. ಖಾಲಿ ಟ್ರಕ್ಕೇ ಎರಡು ಟನ್ ಆಸುಪಾಸು ತೂಗುತ್ತದೆ, ಗೋಡೆ ಅದನ್ನು ನಿಲ್ಲಿಸುವುದಿಲ್ಲ.

ಬ್ರೇಕಿಗೆ ಕೈ ಹಾಕಬೇಕೆಂದರೆ ಚಕ್ರ ಬಿಚ್ಚಬೇಕು. ಇಲ್ಲಿ ನಿಲ್ಲಿ. ನಾನು ಬರೆಯುತ್ತಿರುವ ಎಲ್ಲದರಲ್ಲೂ ಜೀವ ತೆಗೆಯುವಂಥದ್ದು ಇದೇ. ನಿಮ್ಮ ಟ್ರಕ್ಕಿನ ಚಕ್ರದ ಡಿಸ್ಕ್, ಅಂದರೆ ಟೈರ್ ಕೂರುವ ಉಕ್ಕಿನ ರಿಮ್, ಈಗಿನ ಕಾರುಗಳಂತೆ ಒಂದೇ ತುಂಡಿನದಲ್ಲ. ಒಂದು ಬದಿಯಲ್ಲಿ ಉಕ್ಕಿನ ಲಾಕ್ ರಿಂಗ್ ಇರುತ್ತದೆ, ಟೈರನ್ನು ಹಿಡಿದಿಟ್ಟಿರುವುದು ಅದೇ. ಇಪ್ಪತ್ತು ವರ್ಷದ ತುಕ್ಕು ಆ ರಿಂಗ್ ಕೂರುವ ತೋಡನ್ನು ತಿಂದಿರುತ್ತದೆ. ಒಳಗೆ ಗಾಳಿ ಇರುವಾಗ ರಿಂಗ್ ಹಾರಿದರೆ ಮುಂದೆ ನಿಂತವರು ಉಳಿಯುವುದು ಅದೃಷ್ಟ. ಆದ್ದರಿಂದ ಚಕ್ರದ ಒಂದು ನಟ್ಟನ್ನೂ ಸಡಿಲ ಮಾಡುವ ಮೊದಲು ವಾಲ್ವ್ ಪಿನ್ ತಿರುಗಿಸಿ ಹೊರಗೆ ತೆಗೆದು ಗಾಳಿ ಪೂರ್ತಿ ಬಿಡಿ. ಹಿಂದೆ ಜೋಡಿ ಚಕ್ರವಿದ್ದರೆ ಎರಡರದ್ದೂ. ತೂತಿಗೆ ತಂತಿ ತೂರಿಸಿ ನೋಡಿ, ತುಕ್ಕಿನ ಪುಡಿ ಅಡ್ಡ ಕೂತು ಗಾಳಿ ಒಳಗೇ ಉಳಿದಿರುವುದುಂಟು. ಡಿಸ್ಕ್ ಬಿಚ್ಚುವುದು, ಟೈರ್ ಹಾಕುವುದು, ಗಾಳಿ ತುಂಬುವುದು ಮನೆಯಲ್ಲಿ ಬೇಡವೇ ಬೇಡ. ಲಾರಿ ಟೈರಿನ ಕೆಲಸ ಗೊತ್ತಿದ್ದು ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ಹಾಕುವವರ ಹತ್ತಿರ ಒಯ್ಯಿರಿ. ಟೈರ್ ಹತ್ತಿರ ವೆಲ್ಡಿಂಗ್ ಕೂಡ ಬೇಡ.

ಜಾಕ್ ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ತೂಕಕ್ಕೆ ತಕ್ಕ ಸ್ಟ್ಯಾಂಡ್ ಗಟ್ಟಿ ಕಾಂಕ್ರೀಟ್ ನೆಲದ ಮೇಲಿರಲಿ. ಟೊಳ್ಳು ಸಿಮೆಂಟ್ ಇಟ್ಟಿಗೆ ಬಿರುಕಿನ ಸುಳಿವೂ ಕೊಡದೆ ಪುಡಿಯಾಗುತ್ತದೆ.

ಡ್ರಮ್ ತೆಗೆದ ಕೂಡಲೇ ಒಳಗೆ ಬೂದಿ ಬಣ್ಣದ ಪುಡಿ ಕಾಣುತ್ತದೆ. ಬಾಯಿಂದ ಊದುವುದು, ಕಂಪ್ರೆಸರ್ ಗಾಳಿ ಹಿಡಿಯುವುದು ಎಂದಿಗೂ ಬೇಡ. ಡ್ರಮ್ಮಿಗೆ ಉಜ್ಜುವ ಆ ಕಾಲದ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತಿತ್ತು. ಶ್ವಾಸಕೋಶಕ್ಕೆ ಹೋದ ಅದರ ಎಳೆ ಹೊರಗೆ ಬರುವುದಿಲ್ಲ, ಕಾಯಿಲೆ ತೋರುವುದು ದಶಕಗಳಾದ ಮೇಲೆ. ನೀರಿಗೆ ಒಂದೆರಡು ಹನಿ ಸೋಪು ಬೆರೆಸಿ ಸಿಂಪಡಿಸಿ, ಪುಡಿ ಒದ್ದೆಯಾದ ಮೇಲೆ ಒರೆಸಿ, ಆ ಬಟ್ಟೆಯನ್ನು ಒಗೆಯದೆ ಚೀಲದಲ್ಲಿ ಕಟ್ಟಿಡಿ, ನಿಮ್ಮಲ್ಲಿನ ಅಪಾಯಕಾರಿ ಕಸದ ನಿಯಮದಂತೆ ಸಾಗಿಸಿ. ನಾವು ಹುಡುಗರಾಗಿದ್ದಾಗ ಈ ಪುಡಿಯನ್ನು ಊದಿಯೇ ಕೆಲಸ ಮಾಡಿದ್ದು. ಅದನ್ನು ನೆನೆಸಿಕೊಂಡರೆ ಈಗ ಮೈ ಜುಂ ಎನ್ನುತ್ತದೆ.

ಇನ್ನು ಪೆಡಲ್ ತಳ ಮುಟ್ಟುವ ಕಾರಣ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಓಡುವ ಗಾಡಿಗೆ ಅಪಾಯ ಈ ಕುದಿತದ್ದು, ನಿಂತ ಗಾಡಿಗೆ ತುಕ್ಕಿನದ್ದು. ನೀರು ಚಕ್ರದ ಬಳಿ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನ ತಳದಲ್ಲಿ ಕೂತು ಒಳಗೋಡೆಯಲ್ಲಿ ಗುಳಿ ಕೊರೆಯುತ್ತದೆ, ರಬ್ಬರ್ ಕಪ್ ಆ ಗುಳಿಯ ಮೇಲೆ ಹಾದಾಗ ಆಯಿಲ್ ನುಸುಳುತ್ತದೆ. ಆ ಕಾಲದ ಗಾಡಿಗಳಲ್ಲಿ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹೊರಡುವುದು ಒಂದೇ ದಾರಿ. ಯಾವುದೋ ಒಂದು ಚಕ್ರದಲ್ಲಿ ಸೋರಿದರೂ ನಾಲ್ಕಕ್ಕೂ ಬ್ರೇಕ್ ಇಲ್ಲ.

ಬಿಚ್ಚಿ ಒರೆಸಿದ ಮೇಲೆ ಸಿಲಿಂಡರಿನೊಳಗೆ ಉಗುರು ಹಾಯಿಸಿ. ನುಣುಪಾಗಿದ್ದರೆ ಹೊಸ ಕಪ್ ಹಾಕಿ ಸಾಕು. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಹೋನ್ ಮಾಡಿ, ಅಂದರೆ ಒಳಗೆ ಕಲ್ಲಿನಿಂದ ಉಜ್ಜಿ, ಗುಳಿ ಅಳಿಸಲು ಹೋಗಬೇಡಿ, ಬೋರ್ ಎಂಬ ಒಳತೂತು ದೊಡ್ಡದಾಗಿ ಕಪ್ ಸಡಿಲವಾಗುತ್ತದೆ. ಹೊಸ ಸಿಲಿಂಡರ್ ಸಿಕ್ಕರೆ ಹಾಕಿ. ಸಿಗದಿದ್ದರೆ ಲೇತ್ ಕೆಲಸದವರಿಂದ ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಸ್ಲೀವ್, ಅಂದರೆ ಒಳಕೊಳವೆ, ಕೂರಿಸಿಕೊಳ್ಳಬಹುದು. ರಬ್ಬರ್ ಹೋಸ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಎಲ್ಲ ಬದಲಿಸಿ. ಅವು ಒಳಗೆ ಉಬ್ಬಿ ಮುಚ್ಚಿಕೊಂಡಿರುತ್ತವೆ, ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ, ಬ್ರೇಕ್ ಕಚ್ಚಿಕೊಂಡೇ ಇರುತ್ತದೆ. ಪೈಪ್ ಹೊಸದಾಗಿ ಬಗ್ಗಿಸುವುದಾದರೆ ತಾಮ್ರ-ನಿಕ್ಕಲ್ ಮಿಶ್ರಣದ್ದು ಕೈಗೆ ಮೆದು, ತುಕ್ಕಿಲ್ಲ. ಬರಿ ತಾಮ್ರ ಬೇಡ, ನಡುಕಕ್ಕೆ ಸೀಳುತ್ತದೆ.

ಎರಡು ದಾರಿಯ ಮಾಸ್ಟರ್ ಸಿಲಿಂಡರಿಗೆ ಬದಲಿಸಲೇ ಎಂದು ಬಹಳ ಜನ ಕೇಳುತ್ತಾರೆ. ಸಂಸಾರ ಕೂರಿಸಿಕೊಂಡು ರಸ್ತೆಗೆ ಇಳಿಯುವುದಾದರೆ ನಾನು ಬದಲಿಸುತ್ತೇನೆ, ಮೂಲ ಭಾಗವನ್ನು ಎಣ್ಣೆ ಸವರಿ ಎತ್ತಿಡುತ್ತೇನೆ. ಹಾಗೆಯೇ ಡಾಟ್ 5 ಎಂಬ ಸಿಲಿಕೋನ್ ಆಯಿಲ್ ತೇವ ಎಳೆಯುವುದಿಲ್ಲ, ಹೆಚ್ಚು ನಿಂತೇ ಇರುವ ಗಾಡಿಗೆ ಒಳ್ಳೆಯದು. ಹಳೆಯದರ ಜೊತೆ ಬೆರೆಸಬಾರದಷ್ಟೆ, ಎಲ್ಲ ಹೊಸದಾದ ಮೇಲೆ ಮಾತ್ರ. ಡಾಟ್ 5.1 ಎಂಬುದು ಬೇರೆ, ಹೆಸರು ನೋಡಿ ಮೋಸ ಹೋಗಬೇಡಿ, ಅದು ತೇವ ಎಳೆಯುವ ಜಾತಿಯದೇ.

ಈಗ ಇಂಜಿನ್ನಿಗೆ ವಾಪಸ್ ಬರೋಣ, ಎಣ್ಣೆ ನೆನೆದಿರುತ್ತದೆ. ಜಾಮ್ ಆಗುವುದೆಂದರೆ ಹೆಚ್ಚಿನ ಸಲ ಪಿಸ್ಟನ್ ರಿಂಗುಗಳು ಬೋರಿನ ಗೋಡೆಗೆ ತುಕ್ಕು ಹಿಡಿದು ಅಂಟಿರುತ್ತವೆ. ಗಾಡಿ ನಿಂತ ದಿನ ಯಾವ ಸಿಲಿಂಡರಿನ ವಾಲ್ವ್ ತೆರೆದಿತ್ತೋ ಅಲ್ಲಿಗೆ ಹೊರಗಿನ ತೇವ ಬಂದಿರುತ್ತದೆ. ಸಾಮಾನ್ಯವಾಗಿ ಆರರಲ್ಲಿ ಒಂದೋ ಎರಡೋ. ಎಳೆಸಿ ಗೇರಿಗೆ ಹಾಕಿದರೆ ಏನಾಗುತ್ತದೆ ಎಂದು ನಾನೇ ಮಾಡಿ ನೋಡಿದ್ದೇನೆ, ಇಪ್ಪತ್ತೆರಡನೇ ವಯಸ್ಸಿನಲ್ಲಿ. 'ಟಕ್' ಎಂದು ಬಿಟ್ಟುಕೊಂಡಿತು, ಕೇಕೆ ಹಾಕಿದೆವು. ಕವರ್ ಬಿಚ್ಚಿದರೆ, ವಾಲ್ವುಗಳನ್ನು ತಳ್ಳುವ ಕಡ್ಡಿಗಳಾದ ಪುಶ್‌ರಾಡುಗಳಲ್ಲಿ ಮೂರು ಬಾಗಿದ್ದವು. ವಾಲ್ವುಗಳು ಗೈಡಿನಲ್ಲಿ ಅಂಟಿದ್ದವು, ಕ್ಯಾಮ್ ತಳ್ಳಿತು, ಮೆದುವಾದದ್ದು ಬಾಗಿತು. ಅಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯ, ಪಿಸ್ಟನ್ನಿನ ರಿಂಗ್ ಕೂರುವ ಅಂಚೇ ಮುರಿಯಬಹುದಿತ್ತು.

ಮೊದಲು ಮೇಲಿನ ಕವರ್ ಬಿಚ್ಚಿ ಒಂದೊಂದು ವಾಲ್ವ್ ಸ್ಪ್ರಿಂಗನ್ನೂ ಒತ್ತಿ ನೋಡಿ, ಎಲ್ಲ ವಾಪಸ್ ಚಿಮ್ಮಬೇಕು. ಆಮೇಲೆ ಇಂಜಿನ್ನಿನ ಹಿಂದಿರುವ ಭಾರದ ಚಕ್ರ, ಫ್ಲೈವ್ಹೀಲಿನ ಹಲ್ಲಿಗೆ ಒಂದು ಸಲಾಕೆ ಕೊಟ್ಟು ಹಿಂದೆ, ಮುಂದೆ, ಹಿಂದೆ, ಮುಂದೆ ಅಲ್ಲಾಡಿಸಿ. ಒಂದೇ ದಿಕ್ಕಿಗೆ ಜಗ್ಗಬೇಡಿ. ಸೆಲ್ಫ್ ಮುಟ್ಟಬೇಡಿ. ಮೊದಲ ದಿನ ಏನೂ ಆಗಲಿಕ್ಕಿಲ್ಲ. ಒಂದು ದಿನ ಅರ್ಧ ಹಲ್ಲಿನಷ್ಟು ಸರಿಯುತ್ತದೆ, ಸರಿದದ್ದು ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಅಲ್ಲಿಂದ ದಿನಕ್ಕಿಷ್ಟು. ತಿಂಗಳಾದರೂ ಅಲ್ಲಾಡದಿದ್ದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚಿರುವ ಹೆಡ್ ಎತ್ತಲೇಬೇಕು.

ತಿರುಗಿತು ಎಂದು ಶುರು ಮಾಡಬೇಡಿ, ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್ ಇಳಿಸಿ. ನಿಮ್ಮ ಟ್ರಕ್ಕಿನಲ್ಲಿ ಮೂಲ ಇಂಜಿನ್ನೇ ಇದ್ದರೆ ಇದನ್ನು ಮರೆಯುವಂತೆಯೇ ಇಲ್ಲ. ಷೆವರ್ಲೆಯ ಆ ಕಾಲದ ಆರು ಸಿಲಿಂಡರ್ ಇಂಜಿನ್ನಿನಲ್ಲಿ ಪಿಸ್ಟನ್ನುಗಳನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡುಗಳಿಗೆ ಒತ್ತಡದ ಆಯಿಲ್ ಹೋಗುವುದಿಲ್ಲ. ರಾಡಿನ ತುದಿಗೊಂದು ಪುಟ್ಟ ಸೌಟಿನಂಥ ಡಿಪ್ಪರ್, ಚೇಂಬರಿನಲ್ಲಿ ಅದಕ್ಕೆ ತಕ್ಕ ತೊಟ್ಟಿ. ಇಂಜಿನ್ ತಿರುಗಿದಾಗ ಡಿಪ್ಪರ್ ಮೊಗೆದುಕೊಳ್ಳುತ್ತದೆ, ವೇಗ ಏರಿದಾಗ ನಳಿಕೆಯಿಂದ ಚಿಮ್ಮುವ ಆಯಿಲನ್ನು ಹಿಡಿಯುತ್ತದೆ. ಆ ತೊಟ್ಟಿಗಳಲ್ಲಿ ಈಗ ಕರಿ ಹಲ್ವದಂತೆ ಕೆಸರು ಗಟ್ಟಿಯಾಗಿರುತ್ತದೆ. ಅದು ಇರುವಷ್ಟು ಕಾಲ ಯಾವ ಆಯಿಲ್ ಹಾಕಿದರೂ ರಾಡಿಗೆ ತಲುಪದು. ರಾಡಿನೊಳಗಿರುವುದು ಬ್ಯಾಬಿಟ್ ಎಂಬ ಮೆದು ಲೋಹ, ಎರಕ ಹೊಯ್ದದ್ದು. ಸುಟ್ಟರೆ ಅಂಗಡಿಯಲ್ಲಿ ಬೇರಿಂಗ್ ತಂದು ಹಾಕುವಂತಿಲ್ಲ, ಹೊಯ್ಯಲು ಬಲ್ಲವರನ್ನು ಹುಡುಕಬೇಕು. ಮೀಟರಿನಲ್ಲಿ ಆಯಿಲ್ ಒತ್ತಡ ಕಡಿಮೆ ತೋರಿಸಿತೆಂದು ಮಾತ್ರ ಗಾಬರಿಯಾಗಬೇಡಿ. ಆ ಮೀಟರೇ ಇರುವುದು 30 ಪೌಂಡಿನವರೆಗೆ, ಅದರ ಅರ್ಧ ತೋರಿಸಿದರೆ ಇಂಜಿನ್ ಸುಖವಾಗಿದೆ.

ಈಗಿನ ಆಯಿಲ್ ಹಾಕಿದರೆ ಕೆಡುತ್ತದೆ ಎಂಬ ಮಾತು ಹುಟ್ಟಿದ್ದೂ ಈ ಕೆಸರಿನಿಂದಲೇ. ಈಗಿನ ಆಯಿಲ್‌ನಲ್ಲಿ ಡಿಟರ್ಜೆಂಟ್ ಇರುತ್ತದೆ, ಕೊಳೆಯನ್ನು ತನ್ನಲ್ಲೇ ತೇಲಿಸಿಟ್ಟುಕೊಳ್ಳುತ್ತದೆ. ಕೊಳೆ ತುಂಬಿದ ಇಂಜಿನ್ನಿಗೆ ಹಾಗೇ ಸುರಿದಾಗ ಗಟ್ಟಿ ಕೆಸರು ಸಡಿಲಾಗಿ ದಾರಿ ಕಟ್ಟಿಕೊಂಡ ಉದಾಹರಣೆಗಳಿವೆ. ತಪ್ಪು ಆಯಿಲ್‌ನದಲ್ಲ. ಚೇಂಬರ್ ತೊಳೆದ ಮೇಲೆ ಧೈರ್ಯವಾಗಿ ಹಾಕಿ. ಗೇರ್‌ಬಾಕ್ಸಿನ ಮಟ್ಟಿಗೆ ಮಾತ್ರ ಎಚ್ಚರಿಕೆ ನಿಜ: ಜಿಎಲ್-5 ಎಂದು ಬರೆದ ಹಲವು ಆಯಿಲ್‌ಗಳ ಗಂಧಕದ ಅಂಶ ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನುತ್ತದೆ, ಅಲ್ಲಿಗೆ ಜಿಎಲ್-4 ತನ್ನಿ.

ಪೆಟ್ರೋಲ್ ಬಗ್ಗೆ: ಸೀಸ ಹಾಕಿದ ಪೆಟ್ರೋಲ್ ಹುಡುಕಿದರೂ ಸಿಗದು, ಕೊನೆಯ ದೇಶವಾದ ಅಲ್ಜೀರಿಯಾ 2021ರಲ್ಲಿ ಅದನ್ನು ನಿಲ್ಲಿಸಿತು. ಸೀಸವಿಲ್ಲದಿದ್ದರೆ ಎಕ್ಸಾಸ್ಟ್ ವಾಲ್ವಿನ ಸೀಟು ಸವೆಯುವುದು ಸುಳ್ಳಲ್ಲ, ಆದರೆ ಅದು ಹೊರೆ ಹೊತ್ತು ಗಂಟೆಗಟ್ಟಲೆ ಜೋರಾಗಿ ಓಡುವ ಇಂಜಿನ್ನಿಗೆ. ಭಾನುವಾರ ಮೆಲ್ಲಗೆ ಸುತ್ತಾಡುವ ಕಡಿಮೆ ಕಂಪ್ರೆಷನ್ನಿನ ಇಂಜಿನ್ನಿಗೆ ಆ ಚಿಂತೆ ಬೇಡ. ಎಂದಾದರೂ ಹೆಡ್ ಕೆಲಸಕ್ಕೆ ಹೋದಾಗ ಗಟ್ಟಿ ಸೀಟು ಹಾಕಿಸಿದರಾಯಿತು. ಅದಕ್ಕಿಂತ ತೊಂದರೆ ಕೊಡುವುದು ಪೆಟ್ರೋಲಿಗೆ ಬೆರೆಸುವ ಎಥನಾಲ್. ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಇಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಪೊರೆ ಹರಿದರೆ ಪೆಟ್ರೋಲ್ ನೇರ ಚೇಂಬರಿಗೆ ಇಳಿದು ಆಯಿಲ್ ನೀರಾಗುತ್ತದೆ, ಆಗಾಗ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಮೊದಲ ಸಲ ಶುರು ಮಾಡುವಾಗ ಹಳೇ ಟ್ಯಾಂಕನ್ನು ಸೇರಿಸಲೇಬೇಡಿ, ಒಳಗಿರುವುದು ಪೆಟ್ರೋಲಲ್ಲ, ವಾರ್ನಿಷ್. ಮುಚ್ಚಳವಿರುವ ಸಣ್ಣ ಕ್ಯಾನಿನಿಂದ ಪೈಪ್ ಕೊಡಿ, ಕೈಗೆಟುಕುವಂತೆ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಟ್ಯಾಂಕಿನ ತೂತಿಗೆ ಮನೆಯಲ್ಲಿ ವೆಲ್ಡಿಂಗ್ ಬೇಡ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಸಿಡಿಯುವುದು ಆವಿ. ವೆಲ್ಡಿಂಗ್ ವಿಷಯ ಬಂದದ್ದಕ್ಕೆ ಇನ್ನೊಂದು, ಬಹಳ ಮಂದಿಗೆ ಗೊತ್ತಿಲ್ಲ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಲೋಹಕ್ಕೆ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಯುದ್ಧದಲ್ಲಿ ಬಳಸಿದ್ದ ಅನಿಲ ಅದು. ವೆಲ್ಡ್ ಮಾಡುವ ಜಾಗವನ್ನು ಅದರಿಂದ ತೊಳೆಯಲೇಬೇಡಿ.

ಕ್ಯಾಬಿನ್ನಿನ ನೆಲದ ತೂತು ನೋಡಲು ಭಯಂಕರ, ಮಾಡಲು ಸುಲಭ. ಕೊಳೆತಷ್ಟನ್ನೂ ಕತ್ತರಿಸಿ ಹೊಸ ತಗಡು ಹಾಕುವುದು. ಪುಟ್ಟಿ ಮೆತ್ತಿ ಮುಚ್ಚಿದರೆ ಎರಡು ಮಳೆಗಾಲಕ್ಕೆ ಅದೇ ತೂತು ದೊಡ್ಡದಾಗಿ ಬರುತ್ತದೆ. ಚಾಸಿಯನ್ನು ಮಾತ್ರ ಗಂಭೀರವಾಗಿ ನೋಡಿ. ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ, ಗಂಟೆಯಂತೆ ನುಡಿದರೆ ಸರಿ, ಮಂಕಾಗಿ 'ಥಪ್' ಎಂದರೆ ಅಲ್ಲಿ ಪದರಪದರವಾಗಿದೆ. ಎರಡು ತಗಡು ಸೇರುವ ಕಡೆ ಹೆಚ್ಚು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ರಿವೆಟ್ ಹಾಕಿದ ತಗಡನ್ನೇ ಮೀಟಿ ಬಿಡಿಸುತ್ತದೆ. ಚಾಸಿಯ ಮೇಲಂಚು ಕೆಳಂಚಿಗೆ ಅಡ್ಡಲಾಗಿ ವೆಲ್ಡ್ ಎಳೆಯಬಾರದು, ಹೊರೆ ಬಂದಾಗ ಸೀಳು ಶುರುವಾಗುವುದು ಅಲ್ಲಿಂದಲೇ. ಆ ಕೆಲಸ ಭಾರಿ ವಾಹನದ ಚಾಸಿ ಮಾಡಿ ಗೊತ್ತಿದ್ದವರಿಗೆ ಕೊಡಿ. ತುಕ್ಕು ಬಿಡಿಸಲು ಮರಳು ಹೊಡೆಸುವ ಯೋಚನೆ ಇದ್ದರೆ ದಪ್ಪ ಚಾಸಿಗೆ ಸರಿ, ಬಾನೆಟ್ ಬಾಗಿಲಿಗೆ ಹೊಡೆಸಿದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ.

ವೈರಿಂಗ್‌ನಲ್ಲಿ ಒಂದೇ ಮಾತು. ಈ ಟ್ರಕ್ 6 ವೋಲ್ಟಿನದು, ಷೆವರ್ಲೆ 12ಕ್ಕೆ ಬದಲಾದದ್ದು 1955ರಲ್ಲಿ. 6 ವೋಲ್ಟ್ ದುರ್ಬಲ ಎಂಬುದು ಅಪವಾದ. ಅಷ್ಟೇ ಶಕ್ತಿಗೆ ದುಪ್ಪಟ್ಟು ಕರೆಂಟ್ ಹರಿಯಬೇಕು, ಹಾಗಾಗಿ ಕೇಬಲ್ ಹೆಬ್ಬೆರಳಿನಷ್ಟು ದಪ್ಪ ಬೇಕು, ಅರ್ತ್ ಕೂರುವ ಜಾಗ ಬೆಳ್ಳಿಯಂತೆ ಹೊಳೆಯಬೇಕು. ಯಾರೋ ಕಾರಿನ ತೆಳು ಕೇಬಲ್ ಹಾಕಿರುತ್ತಾರೆ, ಬೈಗುಳ ಬ್ಯಾಟರಿಗೆ. ಬಟ್ಟೆ ಸುತ್ತಿದ ಹಳೇ ವೈರ್ ಉದುರುತ್ತಿದ್ದರೆ ಪೂರ್ತಿ ತೆಗೆಯಿರಿ.

ಡೀಸೆಲ್ ಇಂಜಿನ್ ಕೂರಿಸುವುದನ್ನು ನಾನು ಮಾಡಿಕೊಟ್ಟಿದ್ದೇನೆ, ದುಡಿಯುವ ಗಾಡಿಗಳಿಗೆ. ಮುಂದಿನ ಕಮಾನಿನ ಮೇಲೆ ತೂಕ ಏರುತ್ತದೆ, ಡೀಸೆಲ್ ತಿರುಗುವ ವೇಗ ಕಡಿಮೆಯಾದ್ದರಿಂದ ಹಿಂದಿನ ಆಕ್ಸಲ್ ಬದಲಿಸದಿದ್ದರೆ ಗಾಡಿ ಇನ್ನೂ ನಿಧಾನ, ನೋಂದಣಿ ಕಾಗದದಲ್ಲಿ ಇಂಜಿನ್ ನಂಬರ್ ಬದಲಾಗಬೇಕು. ನಿಮಗೆ ದುಡಿಸುವ ಯೋಚನೆ ಇಲ್ಲ. ಇರುವ ಇಂಜಿನ್ ತಿರುಗಲಿಲ್ಲ ಎಂದು ಖಾತ್ರಿಯಾಗುವ ತನಕ ಆ ಮಾತೇ ಬೇಡ.

ಸಮಯದ ಲೆಕ್ಕ ನೀವು ಕೇಳಿಲ್ಲ, ಮನೆಯವರು ಕೇಳುತ್ತಾರೆ. ವಾರಕ್ಕೆರಡು ದಿನ ಕೊಟ್ಟರೆ ಬ್ರೇಕಿಗೇ ಮೂರು ನಾಲ್ಕು ತಿಂಗಳು. ಇಂಜಿನ್ ಹೆಡ್ ಎತ್ತಿಸದೆ ಬಿಟ್ಟುಕೊಂಡರೆ ಒಂದು ವರ್ಷದೊಳಗೆ ಅಂಗಳದಲ್ಲಿ ಹಿಂದೆ ಮುಂದೆ ಓಡಾಡಬಹುದು. ಬಣ್ಣ ಕೊನೆಗೆ, ಅದಕ್ಕೂ ಒಂದು ವರ್ಷ ಎಂದುಕೊಳ್ಳಿ.

ಬಾಗಿಲ ಮೇಲಿನ ಹೆಸರಿನ ವಿಚಾರಕ್ಕೆ ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಅದನ್ನು ಉಜ್ಜಬೇಡಿ. ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಒಣ ಕಾಗದದಲ್ಲಿ ತಿಕ್ಕಿದ ಪುಡಿ ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಪೇಂಟರ್ ಎಷ್ಟೇ ಚೆನ್ನಾಗಿ ಬರೆದರೂ ಅದು ಹೊಸ ಬೋರ್ಡಾಗುತ್ತದೆ. ಮೆದು ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಮೆಲ್ಲಗೆ ಒರೆಸಿ, ಮಾಸಿದ ಅಕ್ಷರ ಅರ್ಧದಷ್ಟು ಮೇಲೆ ಬರುತ್ತದೆ. ಕ್ಯಾಬಿನ್ನಿನ ನೆಲಕ್ಕೆ ವೆಲ್ಡಿಂಗ್ ಶುರುವಾಗುವ ಮೊದಲು ಆ ಬಾಗಿಲನ್ನು ಕೀಲಿನಿಂದ ಬಿಚ್ಚಿ, ಹಳೇ ಕಂಬಳಿ ಸುತ್ತಿ ಮನೆಯೊಳಗೆ ಇಟ್ಟುಕೊಳ್ಳಿ. ಕೀಲಿನ ಬೋಲ್ಟುಗಳಿಗೆ ಚೀಟಿ ಹಾಕುವುದು ಮರೆಯಬೇಡಿ.